ಕ್ಷುದ್ರರೋಗವೆನಿಸಿಕೊಂಡ ಮೊಡವೆ

ಹದಿಹರೆಯದವರ ಮುಖ, ಎದೆ, ಬೆನ್ನುಗಳ ಮೇಲೆ ಏಳುವ ಮೊಡವೆಯ ಪರಿಚಯ ವೈದ್ಯಶಾಸ್ತ್ರಕ್ಕೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರ ಕಾರಣವನ್ನು ಚರ್ಮದ ಒಳರಚನೆಯಲ್ಲೇ ಹುಡುಕಬೇಕೆಂಬ ತಿಳಿವಳಿಕೆ ಮಾತ್ರ ಇನ್ನೂರು ವರ್ಷಗಳ ಈಚಿನದು. ಈ ನಡುವಿನ ದೀರ್ಘಕಾಲದಲ್ಲಿ ವೈದ್ಯರು ಬಹುಮಟ್ಟಿಗೆ ಮೊಡವೆಯನ್ನು ತಮ್ಮ ಗಮನಕ್ಕೆ ತಕ್ಕ ವಿಷಯವಲ್ಲವೆಂದು ಬದಿಗಿರಿಸಿದರು, ಸಮಾಜ ಅದನ್ನು ರೋಗಿಯ ನಡತೆ, ಆಹಾರ ಮತ್ತು ಶುಚಿತ್ವಗಳಿಗೆ ತಳಕು ಹಾಕಿತು, ಹೀಗೆ ತೆರವಾದ ಜಾಗವನ್ನು ಮುಲಾಮು ಮಾರುವವರು ಹಿಡಿದುಕೊಂಡರು. ಮೊಡವೆಯಿಂದಾದ ಹಾನಿಗಿಂತ ಅದಕ್ಕೆ ಮಾಡಿದ ಚಿಕಿತ್ಸೆಯಿಂದಾದ ಹಾನಿಯೇ ಎಷ್ಟೋ ಸಲ ಮಿಗಿಲಾದುದಕ್ಕೆ ಈ ಉಪೇಕ್ಷೆಯೇ ಮೂಲ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಎಂದರೆ ರೋಗಗಳ ಕಾರಣ ಮತ್ತು ಲಕ್ಷಣಗಳನ್ನು ಹೇಳುವ ಭಾಗದಲ್ಲಿ, ಕ್ಷುದ್ರರೋಗಗಳೆಂಬ 44 ಸಣ್ಣಪುಟ್ಟ ಕಾಯಿಲೆಗಳ ಒಂದು ಗುಂಪಿದ್ದು, ಮುಖದೂಷಿಕೆ ಎಂಬ ಹೆಸರಿನಲ್ಲಿ ಮೊಡವೆ ಅಲ್ಲಿ ಬರುತ್ತದೆ. ಬೂರುಗದ ಮರದ ಕಾಂಡದ ಮೇಲಿರುವ ಮುಳ್ಳುಗಳಂತೆ ತರುಣರ ಮುಖದಲ್ಲಿ ಏಳುವ ಈ ಬೊಕ್ಕೆಗಳಿಗೆ ಕಫ, ವಾತ ಮತ್ತು ರಕ್ತಗಳ ಕೆಡುಕು ಕಾರಣವೆಂದು ಸುಶ್ರುತನ ನಿರ್ಣಯ. ಬುಡ ಅಗಲವಾಗಿ ತುದಿ ಮೊನಚಾದ ಆ ಮುಳ್ಳನ್ನು ಕಂಡವರಿಗೆ ವರ್ಣನೆಯ ನಿಖರತೆ ತಾನೇ ಗೊತ್ತಾಗುತ್ತದೆ. ವಯಸ್ಸನ್ನೂ ಜಾಗವನ್ನೂ ಒಟ್ಟಿಗೆ ಹೇಳಿದ್ದು ಇಲ್ಲಿನ ಮುಖ್ಯ ಸಂಗತಿ: ಇದು ತರುಣರ ಕಾಯಿಲೆ, ಮುಖದ ಕಾಯಿಲೆ ಎಂಬ ಎರಡು ಮಾತುಗಳಿಗೆ ಮುಂದಿನ ಹದಿನೈದು ಶತಮಾನಗಳು ಹೆಚ್ಚೇನನ್ನೂ ಸೇರಿಸಲಿಲ್ಲ. ಚಿಕಿತ್ಸೆಯಾಗಿ ವಮನವನ್ನೂ, ಅಂದರೆ ಔಷಧ ಕೊಟ್ಟು ವಾಂತಿ ಮಾಡಿಸುವುದನ್ನೂ, ಬಜೆ, ಲೋಧ್ರದ ತೊಗಟೆ, ಸೈಂಧವ ಲವಣ, ಸಾಸಿವೆಗಳನ್ನು ಅರೆದು ಹಚ್ಚುವ ಲೇಪವನ್ನೂ ಸಂಹಿತೆ ಸೂಚಿಸುತ್ತದೆ. ಲೋಧ್ರ, ಕೊತ್ತಂಬರಿ ಬೀಜ, ಬಜೆಗಳ ಲೇಪವು ಮಧ್ಯಕಾಲದ ವೈದ್ಯಗ್ರಂಥಕಾರ ಶಾರ್ಙ್ಗಧರನವರೆಗೂ ಸಾಗಿಬಂದು, ಇಂದಿನ ಆಯುರ್ವೇದ ವೈದ್ಯರ ಕೈಯಲ್ಲೂ ಉಳಿದಿದೆ. ಕ್ಷುದ್ರವೆಂದು ಕರೆದರೂ ಸುಶ್ರುತ ಅದಕ್ಕೆ ಮದ್ದು ಹೇಳುವುದನ್ನು ಬಿಡಲಿಲ್ಲ ಎಂಬುದು ಗಮನಾರ್ಹ.

ಕನ್ನಡ ನಾಡಿನ ಮನೆಮದ್ದಿನ ಲೋಕ ಈ ಶಾಸ್ತ್ರವನ್ನು ತನ್ನದೇ ಸರಳ ರೂಪಕ್ಕೆ ಇಳಿಸಿಕೊಂಡಿತು. ಶ್ರೀಗಂಧ ತೇಯ್ದು ಹಚ್ಚುವುದು, ಕಸ್ತೂರಿ ಅರಿಶಿನ ಬಳಿಯುವುದು, ಕಡಲೆಹಿಟ್ಟಿನಿಂದ ಮುಖ ತೊಳೆಯುವುದು ಆಚರಣೆಯಲ್ಲಿ ಉಳಿದರೆ, ಕಫ, ವಾತಗಳೆಂಬ ದೋಷಗಳ ಸಿದ್ಧಾಂತವು ಮೈಯ ಉಷ್ಣ, ಕೆಟ್ಟ ರಕ್ತ ಎಂಬ ಎರಡು ಮಾತುಗಳಲ್ಲಿ ಉಳಿಯಿತು. ಮಾವಿನ ಹಣ್ಣು ತಿಂದರೆ ಮೊಡವೆ, ಕರಿದದ್ದು ತಿಂದರೆ ಮೊಡವೆ, ಮದುವೆಯಾದರೆ ತಾನೇ ಹೋಗುವ ಮೊಡವೆ ಎಂಬ ಮಾತುಗಳು ಇಂದಿಗೂ ಕೇಳಿಬರುತ್ತವೆ. ಇವುಗಳಲ್ಲಿ ಕೊನೆಯದು ಪೂರ್ತಿ ಸುಳ್ಳೇನಲ್ಲ, ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಹಲವರಲ್ಲಿ ಮೊಡವೆ ತಾನಾಗಿ ಇಳಿದಿರುತ್ತದೆ. ಅದರ ಶ್ರೇಯಸ್ಸು ಮಾತ್ರ ಮದುವೆಗೆ ಸಲ್ಲತಕ್ಕದ್ದಲ್ಲ.

ಪಶ್ಚಿಮದಲ್ಲಿ ಉಪೇಕ್ಷೆಯ ಧ್ವನಿ ಇನ್ನೂ ಸ್ಪಷ್ಟ. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್, ಮೊಡವೆ ಮತ್ತು ಮುಖದ ಮಚ್ಚೆಗಳಿಗೆ ಚಿಕಿತ್ಸೆ ಮಾಡುವುದು ಹೆಚ್ಚುಕಡಿಮೆ ಮೂರ್ಖತನವೆಂದು ಬರೆದು, ಆದರೂ ಹೆಂಗಸರಿಂದ ಅಲಂಕಾರದ ಆಸೆಯನ್ನು ಕಿತ್ತುಹಾಕಲಾಗದೆಂಬ ಕಾರಣ ಕೊಟ್ಟು ಔಷಧಗಳನ್ನು ಹೇಳುತ್ತಾನೆ. ಸಾಮ್ರಾಟ ಥಿಯೊಡೋಸಿಯಸ್‌ನ ಆಸ್ಥಾನದಲ್ಲಿದ್ದ ಮಾರ್ಸೆಲಸ್, ಆಕಾಶದಲ್ಲಿ ಉಲ್ಕೆ ಬೀಳುವುದನ್ನು ನೋಡುತ್ತ ಮೊಡವೆಯನ್ನು ಬಟ್ಟೆಯಿಂದ ಒರೆಸಿದರೆ ಅದು ಉದುರಿಹೋಗುತ್ತದೆಂದು ಬರೆದಿಟ್ಟ. ಉಲ್ಕೆಯಿಂದ ಉಪಯೋಗವಾಗದಿದ್ದರೂ ಅಪಾಯವಿರಲಿಲ್ಲ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮಾರಾಟವಾಗುತ್ತಿದ್ದ ಗೌಲಂಡ್ಸ್ ಲೋಷನ್ನಿನ ಬಗ್ಗೆ ಹಾಗೆ ಹೇಳುವಂತಿಲ್ಲ. ಕಹಿ ಬಾದಾಮಿಯ ರಸಕ್ಕೆ ಪಾದರಸದ ಕ್ಲೋರೈಡ್ ಎಂಬ ಘೋರ ವಿಷವನ್ನು ಬೆರೆಸಿ ತಯಾರಿಸಿದ ಈ ದ್ರವ ಚರ್ಮದ ಮೇಲ್ಪದರವನ್ನೇ ಸುಟ್ಟು ಸುಲಿಯುತ್ತಿದ್ದುದರಿಂದ ಕಲೆ ಹೋದಂತೆ ತೋರುತ್ತಿತ್ತು. ಜೇನ್ ಆಸ್ಟಿನ್ನಳ ಪರ್ಸುಯೇಷನ್ ಕಾದಂಬರಿಯಲ್ಲಿ ಒಣಜಂಭದ ಶ್ರೀಮಂತನೊಬ್ಬನ ಬಾಯಲ್ಲಿ ಇದರ ಹೊಗಳಿಕೆ ಬರುವಷ್ಟು ಅದು ಮನೆಮಾತಾಗಿತ್ತು. ಅದೇ ಕಾಲದ ಮತ್ತು ಅದರ ಮುಂದಿನ ಶತಮಾನದ ಯುರೋಪಿನಲ್ಲಿ ಮೊಡವೆಯನ್ನು ಕಾಮವಾಸನೆಗೂ ಹಸ್ತಮೈಥುನಕ್ಕೂ ಕಟ್ಟುವ ಗ್ರಂಥಗಳು ಹೇರಳವಾಗಿದ್ದು, ಮುಖದ ಮೇಲಿನ ಬೊಕ್ಕೆಯನ್ನು ಗುಟ್ಟಿನ ಪಾಪದ ಬಹಿರಂಗ ಗುರುತೆಂದು ಓದುವ ಪರಿಪಾಠ ಬೆಳೆಯಿತು. ಹುಡುಗ ಹುಡುಗಿಯರು ವೈದ್ಯರ ಬಳಿ ಹೋಗಲು ನಾಚುವಂತೆ ಮಾಡಿದ್ದು ಈ ಪರಿಪಾಠ. ನಾಚಿಕೆ ಇದ್ದಲ್ಲಿ ಗುಟ್ಟಾಗಿ ಮಾರುವ ಮದ್ದಿಗೆ ಗಿರಾಕಿಗಳ ಕೊರತೆಯಿರದು.

ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಆಧಾರದ ಮೇಲೆ ವಿಂಗಡಿಸುವ ಕೆಲಸವನ್ನು ಲಂಡನ್ನಿನ ರಾಬರ್ಟ್ ವಿಲ್ಲನ್ ಆರಂಭಿಸಿದ. 1812ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯ ಥಾಮಸ್ ಬೇಟ್‌ಮನ್ 1813ರ ತನ್ನ ಗ್ರಂಥದಲ್ಲಿ ಅದನ್ನು ಪೂರ್ಣಗೊಳಿಸಿ, ಮೊಡವೆಗೆ ಸ್ವತಂತ್ರ ಸ್ಥಾನ ಕೊಟ್ಟು ಒಳಬಗೆಗಳನ್ನು ಗುರುತಿಸಿದ. ಚರ್ಮದ ಅಧ್ಯಯನಕ್ಕೆ ಸೂಕ್ಷ್ಮದರ್ಶಕ ಬಂದ ನಂತರ ಕಾರಣದ ಬೇಟೆ ಶುರುವಾಯಿತು. ಬರ್ಲಿನ್ನಿನ ಗುಸ್ಟಾಫ್ ಸಿಮೋನ್ 1842ರಲ್ಲಿ ಮೊಡವೆಯೊಳಗಿನ ಜಿಡ್ಡಿನಲ್ಲಿ ಹುಳುವಿನಂಥ ಸಣ್ಣ ಜೀವಿಯೊಂದನ್ನು ಕಂಡು ಅದೇ ಕಾರಣವಿರಬಹುದೆಂದು ಶಂಕಿಸಿದ, ಆದರೆ ಆ ಜೀವಿ ಆರೋಗ್ಯವಂತರ ಮುಖದಲ್ಲೂ ವಾಸಿಸುತ್ತದೆಂದು ತಿಳಿದುಬಂದು ಆ ವಾದ ಬಿದ್ದುಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹ್ಯಾಂಬರ್ಗಿನ ಊನ್ನ ಮತ್ತು ಪ್ಯಾರಿಸ್ಸಿನ ಸಬೂರೊ ಕಂಡ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಹೀಗೆ ಸುಲಭವಾಗಿ ಬೀಳಲಿಲ್ಲ. ಹಲವು ಬಾರಿ ಹೆಸರು ಬದಲಿಸಿ 2016ರಿಂದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎನಿಸಿಕೊಂಡಿರುವ ಅದು ಮೊಡವೆಯ ಕಥೆಯಲ್ಲಿ ಇನ್ನೂ ಪಾತ್ರಧಾರಿಯೇ, ಆದರೆ ನಾಯಕನಲ್ಲ.

ಮೊಡವೆ ಪ್ರಾಯದಲ್ಲೇ ಏಕೆ ಬರುತ್ತದೆಂಬ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಜ್ಯೂರಿಕ್ಕಿನ ಬ್ರೂನೋ ಬ್ಲಾಕ್ ಸಾವಿರಾರು ಶಾಲಾಮಕ್ಕಳ ಮುಖಗಳನ್ನು ಪರೀಕ್ಷಿಸಿ 1931ರಲ್ಲಿ ಪ್ರಕಟಿಸಿದ ಬರಹದಲ್ಲಿ, ಮೀಸೆ ಚಿಗುರುವುದು, ಧ್ವನಿ ಒಡೆಯುವುದು ಹೇಗೋ ಹಾಗೆ ಮೊಡವೆಯೂ ಪ್ರಾಯಕ್ಕೆ ಬರುವ ಪ್ರಕ್ರಿಯೆಯ ಒಂದು ಭಾಗವೆಂದು ತೋರಿಸಿದ. ಹತ್ತು ವರ್ಷಗಳ ಬಳಿಕ, 1941ರಲ್ಲಿ, ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ನಿರ್ಣಾಯಕ ಸಾಕ್ಷ್ಯವನ್ನು ಒದಗಿಸಿದ: ಪ್ರಾಯಕ್ಕೆ ಬರುವ ಮುನ್ನವೇ ವೃಷಣಗಳನ್ನು ಕಳೆದುಕೊಂಡ ಗಂಡಸರಲ್ಲಿ ಮೊಡವೆ ಏಳುವುದಿಲ್ಲ, ಅಂಥವರಿಗೆ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನ್ ಕೊಟ್ಟರೆ ಏಳುತ್ತದೆ. ಕಾಮ ಮತ್ತು ಮೊಡವೆಗಳ ನಡುವೆ ಹಿಂದಿನವರು ಊಹಿಸಿದ್ದ ನಂಟಿಗೆ ಹೀಗೊಂದು ಆಧಾರ ದೊರೆಯಿತಾದರೂ, ಅದರಲ್ಲಿ ಅಡಗಿದ್ದ ನೈತಿಕ ದೂಷಣೆಗೆ ಇನ್ನು ಯಾವ ಆಧಾರವೂ ಉಳಿಯಲಿಲ್ಲ.

ಅನಂತರದ ದಶಕಗಳಲ್ಲಿ ಕೂಡಿಬಂದ ವಿವರಣೆ ಹೀಗಿದೆ. ಚರ್ಮದ ಪ್ರತಿಯೊಂದು ರೋಮವೂ ರೋಮಕೂಪವೆಂಬ ಕಿರಿದಾದ ಕೊಳವೆಯಿಂದ ಹೊರಬರುತ್ತದೆ. ಆ ಕೊಳವೆಗೆ ತೆರೆದುಕೊಂಡಿರುವ ಮೇದೋಗ್ರಂಥಿಯು ಚರ್ಮವನ್ನು ನುಣುಪಾಗಿಡುವ ಜಿಡ್ಡನ್ನು ಸ್ರವಿಸುತ್ತದೆ. ಈ ಗ್ರಂಥಿಗಳು ಮುಖ, ಎದೆಯ ಮೇಲ್ಭಾಗ ಮತ್ತು ಬೆನ್ನಿನಲ್ಲಿ ದೊಡ್ಡದಾಗಿ, ದಟ್ಟವಾಗಿ ಇರುವುದರಿಂದ ಮೊಡವೆಗೂ ಅವೇ ನೆಲೆ. ಪ್ರಾಯದಲ್ಲಿ ಹುಡುಗರಲ್ಲೂ ಹುಡುಗಿಯರಲ್ಲೂ ಏರುವ ಆಂಡ್ರೊಜನ್ ಎಂಬ ಹಾರ್ಮೋನುಗಳು ಗ್ರಂಥಿಯನ್ನು ಹಿಗ್ಗಿಸಿ ಜಿಡ್ಡನ್ನು ಹೆಚ್ಚಿಸುತ್ತವೆ. ಅದೇ ಹೊತ್ತಿಗೆ ಕೊಳವೆಯ ಗೋಡೆಯಿಂದ ಉದುರಬೇಕಾದ ಸತ್ತ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಬಾಯಿಯನ್ನು ಮುಚ್ಚುತ್ತವೆ. ಬಾಯಿ ತುಸು ತೆರೆದಿದ್ದರೆ ಕಪ್ಪು ತಲೆಯ ಮೊಡವೆ, ಪೂರ್ತಿ ಮುಚ್ಚಿದ್ದರೆ ಬಿಳಿ ತಲೆಯ ಮೊಡವೆ. ಆ ಕಪ್ಪು ಬಣ್ಣ ಕೊಳೆಯದಲ್ಲ, ಚರ್ಮದ ವರ್ಣದ್ರವ್ಯ ಮತ್ತು ಗಾಳಿ ತಾಗಿದ ಜಿಡ್ಡಿನದು, ಆದ್ದರಿಂದ ಸೋಪು ಹಾಕಿ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ವೃದ್ಧಿಯಾಗಿ, ದೇಹದ ರಕ್ಷಣಾವ್ಯವಸ್ಥೆ ಅದಕ್ಕೆ ಪ್ರತಿಕ್ರಿಯಿಸಿದಾಗ ಉರಿಯೂತ ಉಂಟಾಗುತ್ತದೆ, ಅಂದರೆ ಜಾಗ ಕೆಂಪಾಗಿ ಊದಿ ನೋಯುತ್ತದೆ ಮತ್ತು ಕೀವು ಕಟ್ಟುತ್ತದೆ. ಕೊಳವೆಯ ಗೋಡೆ ಆಳದಲ್ಲಿ ಒಡೆದರೆ ಗಂಟು ಮತ್ತು ಕೊನೆಗೆ ಗುಳಿಬಿದ್ದ ಕಲೆ. ಉಗುರಿನಿಂದ ಹಿಚುಕುವವರು ಈ ಒಡೆಯುವ ಕ್ರಿಯೆಯನ್ನೇ ಬೇಗ ನಡೆಸುತ್ತಾರೆ.

ವಿಜ್ಞಾನ ಇಷ್ಟು ಸ್ಪಷ್ಟವಾಗುವ ಮುನ್ನವೇ ಚಿಕಿತ್ಸೆ ದಾರಿ ತಪ್ಪಿದ ಉದಾಹರಣೆಗಳಲ್ಲಿ ಕ್ಷಕಿರಣದ್ದು ಅತ್ಯಂತ ಖೇದಕರ. 1895ರಲ್ಲಿ ಪತ್ತೆಯಾದ ಕ್ಷಕಿರಣ ಕೆಲವೇ ವರ್ಷಗಳಲ್ಲಿ ಚರ್ಮವೈದ್ಯರ ಕೈಸೇರಿ, ಮೇದೋಗ್ರಂಥಿಗಳನ್ನು ಕುಗ್ಗಿಸುತ್ತದೆಂಬ ಕಾರಣಕ್ಕೆ ದಶಕಗಳ ಕಾಲ ಹದಿಹರೆಯದವರ ಮುಖದ ಮೇಲೆ ಪ್ರಯೋಗವಾಯಿತು. ಮೊಡವೆ ನಿಜಕ್ಕೂ ಇಳಿಯುತ್ತಿತ್ತು. ಹೀಗೆ ಕಿರಣಕ್ಕೆ ಒಡ್ಡಿಕೊಂಡವರಲ್ಲಿ ಎಷ್ಟೋ ವರ್ಷಗಳ ನಂತರ ಥೈರಾಯ್ಡ್ ಗ್ರಂಥಿಯ ಮತ್ತು ಚರ್ಮದ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿರುವುದು ಕಂಡುಬಂದು ಆ ಪದ್ಧತಿ ನಿಂತಿತು. ತಾನಾಗಿ ಶಮನವಾಗಬಹುದಾದ ಕಾಯಿಲೆಗೆ ಜೀವಮಾನದ ಅಪಾಯವನ್ನು ತೆತ್ತವರು ಇವರು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹದಿಹರೆಯವೇ ಒಂದು ಮಾರುಕಟ್ಟೆಯಾಗಿ ರೂಪುಗೊಂಡಾಗ, 1950ರಲ್ಲಿ ಹೊರಬಂದ ಕ್ಲಿಯರಾಸಿಲ್ ಮುಲಾಮು ನೇರವಾಗಿ ಆ ವಯಸ್ಸಿನವರನ್ನೇ ಉದ್ದೇಶಿಸಿ ಜಾಹೀರಾತು ಮಾಡಿತು. ವೈದ್ಯಲೋಕದಲ್ಲಿ ಅದೇ ದಶಕದಿಂದ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೈವಿಕವೂ, ಮುಂದಿನ ದಶಕದಲ್ಲಿ ಕೆನಡದ ವೈದ್ಯ ವಿಲಿಯಂ ಪೇಸ್ 1965ರಲ್ಲಿ ಗಂಧಕದೊಡನೆ ಬಳಸಿ ತೋರಿಸಿದ ಬೆನ್ಜಾಯಿಲ್ ಪೆರಾಕ್ಸೈಡ್ ಎಂಬ ಬ್ಯಾಕ್ಟೀರಿಯಾನಾಶಕ ಲೇಪವೂ ಬಳಕೆಗೆ ಬಂದವು. ಆದರೆ ಕೊಳವೆಯ ಬಾಯಿ ಮುಚ್ಚುವುದನ್ನೇ ತಡೆಯುವ ಔಷಧ ದೊರೆತದ್ದು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ವರದಿ ಮಾಡಿದ ಟ್ರೆಟಿನಾಯಿನ್‌ನಲ್ಲಿ. ಎ ಜೀವಸತ್ವದಿಂದ ಹುಟ್ಟಿದ ಈ ಆಮ್ಲ ಸತ್ತ ಜೀವಕೋಶಗಳು ಅಂಟಿಕೊಳ್ಳದೆ ಉದುರುವಂತೆ ಮಾಡುತ್ತದೆ. ಮೊಡವೆಯ ಆಧುನಿಕ ತಿಳಿವಳಿಕೆಗೆ ಕ್ಲಿಗ್‌ಮನ್‌ನಷ್ಟು ಕೊಡುಗೆ ಕೊಟ್ಟವರು ವಿರಳ, ಅವನಷ್ಟು ಕಳಂಕ ಹೊತ್ತವರೂ ವಿರಳ: ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ಅವನು 1974ರವರೆಗೆ ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಯ ಪಾಠಗಳಲ್ಲಿ ಇಂದಿಗೂ ಎಚ್ಚರಿಕೆಯ ಉದಾಹರಣೆಯಾಗಿವೆ.

ಎ ಜೀವಸತ್ವದ ಮತ್ತೊಂದು ರೂಪವಾದ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಗ್ಯಾರಿ ಪೆಕ್ ಮತ್ತು ಸಂಗಡಿಗರು ಅತಿ ತೀವ್ರ ಮೊಡವೆಯಿದ್ದ 14 ರೋಗಿಗಳಿಗೆ ಕೊಟ್ಟು, 13 ಮಂದಿಯಲ್ಲಿ ಅದು ಪೂರ್ತಿ ವಾಸಿಯಾಯಿತೆಂದು 1979ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ನಿಲ್ಲಿಸಿದ ಮೇಲೂ ಗುಣ ಉಳಿದದ್ದು ಅದುವರೆಗಿನ ಯಾವ ಔಷಧದಿಂದಲೂ ಆಗದ ಕೆಲಸ. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ದೊರೆತ ಮರುವರ್ಷವೇ, ಗರ್ಭಿಣಿಯರು ಅದನ್ನು ಸೇವಿಸಿದ್ದರಿಂದ ಶಿಶುಗಳಲ್ಲಿ ಗಂಭೀರ ಅಂಗವೈಕಲ್ಯ ಉಂಟಾದ ವರದಿಗಳು ಬಂದವು. ಹೀಗಾಗಿ ಗರ್ಭ ಧರಿಸಬಲ್ಲವರಿಗೆ ಅದನ್ನು ಗರ್ಭಪರೀಕ್ಷೆ ಮತ್ತು ಗರ್ಭನಿರೋಧದ ಕಟ್ಟುಪಾಡಿನಲ್ಲಿ ಮಾತ್ರ ಕೊಡಬೇಕೆಂಬುದು ಇಂದಿನ ನಿಯಮ.

ಆಹಾರದ ವಿಚಾರದಲ್ಲಿ ವಿಜ್ಞಾನವೂ ಒಮ್ಮೆ ಆತುರಪಟ್ಟಿತು. 1969ರಲ್ಲಿ ಫುಲ್ಟನ್, ಪ್ಲೇವಿಗ್ ಮತ್ತು ಕ್ಲಿಗ್‌ಮನ್ 65 ಮಂದಿಗೆ ಚಾಕೊಲೇಟ್ ತಿನ್ನಿಸಿ ನೋಡಿ, ಅದರಿಂದ ಮೊಡವೆ ಹೆಚ್ಚುವುದಿಲ್ಲವೆಂದು ಸಾರಿದರು; ಹೋಲಿಕೆಗೆಂದು ಕೊಟ್ಟ ಸಿಹಿಯಲ್ಲೂ ಕೊಬ್ಬು, ಸಕ್ಕರೆಗಳು ಸರಿಸುಮಾರು ಅಷ್ಟೇ ಇದ್ದವೆಂಬ ದೋಷ ಬಹುಕಾಲ ಮರೆಯಲ್ಲೇ ಉಳಿದು, ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂಬುದು ಪಠ್ಯಪುಸ್ತಕದ ಮಾತಾಯಿತು. ಹೆಚ್ಚಾಗಿ ಸಾಂಪ್ರದಾಯಿಕ ಆಹಾರವನ್ನೇ ತಿನ್ನುತ್ತಿದ್ದ, ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನರಲ್ಲೂ ಪರಾಗ್ವೆಯ ಆಚೆ ಎಂಬ ಬುಡಕಟ್ಟಿನ 115 ಜನರಲ್ಲೂ ಒಂದೂ ಮೊಡವೆ ಕಾಣಲಿಲ್ಲವೆಂದು ಲೊರೆನ್ ಕಾರ್ಡೇನ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದಾಗ ಚರ್ಚೆ ಮತ್ತೆ ತೆರೆಯಿತು. ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ಆಹಾರ, ಮತ್ತು ಬಹುಶಃ ಹಾಲು, ಕೆಲವರಲ್ಲಿ ಮೊಡವೆಯನ್ನು ಉಲ್ಬಣಿಸಬಹುದೆಂಬುದು ಈಗಿನ ಎಚ್ಚರದ ನಿಲುವು. ಅಜ್ಜಿಯ ಮಾತಿನಲ್ಲಿ ಅಷ್ಟಿಷ್ಟು ಹುರುಳಿತ್ತು, ಮಾವಿನ ಹಣ್ಣನ್ನೇ ಏಕೈಕ ಆರೋಪಿಯಾಗಿಸಿದ್ದು ಅತಿಯಾಯಿತು ಎಂದಷ್ಟೇ ಹೇಳಬಹುದು. ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚುವ ಮನೆಗಳು ಇದಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಬೇರೆಯಿದೆ: ಕೂದಲಿನ ಜಿಡ್ಡು ಹಣೆಗೆ ಇಳಿದು ಅಲ್ಲೇ ಸಾಲುಸಾಲಾಗಿ ಮೊಡವೆ ಏಳಿಸುವುದನ್ನು ಚರ್ಮವೈದ್ಯರು 1970ರಲ್ಲೇ ಬೇರೆ ಬಗೆಯೆಂದು ಗುರುತಿಸಿದ್ದಾರೆ.

ಇಂದು 12ರಿಂದ 24ರ ವಯಸ್ಸಿನವರಲ್ಲಿ ಶೇಕಡ 85ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆಂದು ಅಂದಾಜಿಸಲಾಗಿದೆ. ಸಾಧಾರಣ ಮೊಡವೆಗೆ ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್ ಮತ್ತು ಬೆನ್ಜಾಯಿಲ್ ಪೆರಾಕ್ಸೈಡ್ ಲೇಪಗಳು, ಹೆಚ್ಚಿನದಕ್ಕೆ ಮಿತ ಅವಧಿಯ ಪ್ರತಿಜೈವಿಕ, ಕಲೆ ಉಳಿಸುವ ತೀವ್ರ ಬಗೆಗೆ ಐಸೊಟ್ರೆಟಿನಾಯಿನ್ ಎಂಬ ಕ್ರಮ ಎಲ್ಲೆಡೆ ನೆಲೆಗೊಂಡಿದೆ. ಯಾವ ಲೇಪವೂ ಎಂಟರಿಂದ ಹನ್ನೆರಡು ವಾರಗಳಿಗೆ ಮುಂಚೆ ಪೂರ್ಣ ಫಲ ತೋರುವುದಿಲ್ಲ. ಈ ತಾಳ್ಮೆಯ ಕೊರತೆಯೇ ಭಾರತದಲ್ಲಿ ಗೌಲಂಡ್ಸ್ ಲೋಷನ್ನಿಗೆ ಒಬ್ಬ ವಾರಸುದಾರನನ್ನು ಸೃಷ್ಟಿಸಿತು. ಕೆಂಪನ್ನು ಎರಡೇ ದಿನದಲ್ಲಿ ಇಳಿಸಿ ಮುಖವನ್ನು ಬೆಳ್ಳಗಾಗಿಸಿದಂತೆ ತೋರುವ ಸ್ಟೀರಾಯ್ಡ್ ಮುಲಾಮುಗಳು ವಾರಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳನ್ನು ಹಿಗ್ಗಿಸಿ, ಸ್ವತಃ ಮೊಡವೆಯನ್ನೇ ಎಬ್ಬಿಸುತ್ತವೆ, ಬಿಟ್ಟರೆ ಇಮ್ಮಡಿಯಾಗಿ ಕೆರಳಿಸುತ್ತವೆ. ದೇಶದ ಹನ್ನೆರಡು ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ರೋಗಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ ಇಂಥ ಮುಲಾಮು ಬಳಸುತ್ತಿದ್ದುದು ತಿಳಿದುಬಂತು, ಅವರಲ್ಲಿ ಬಹುಪಾಲು ಮಂದಿಗೆ ಸಲಹೆ ಕೊಟ್ಟವರು ವೈದ್ಯರಾಗಿರಲಿಲ್ಲ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ನಂತರ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಎಚ್ ಅನುಸೂಚಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ಔಷಧದ ಅಂಗಡಿಯಲ್ಲಿ ಚೀಟಿ ಕೇಳದೆ ಮುಖಕ್ಕೆ ಹಚ್ಚುವ ಮುಲಾಮು ಕೊಟ್ಟರೆ, ಹಣ ಕೊಡುವ ಮೊದಲು ಅದರ ಪೆಟ್ಟಿಗೆಯ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿವೆಯೇ ಎಂದು ಹೆತ್ತವರು ಓದಿ ನೋಡಬೇಕು.