ಅಫೀಮು: ಸೊನೆಯಿಂದ ಹಾವಿನ ನೊರೆಯವರೆಗೆ

ಹಳ್ಳಿಯ ಬಾಯಲ್ಲಿ ಅದು ‘ಅಪೀಮು’. ಓದಿದವರು ತಿದ್ದಿ ‘ಅಫೀಮು’ ಎನ್ನುತ್ತಾರೆ. ಆದರೆ ಪದದ ಹುಟ್ಟೂರಿನಲ್ಲಿ ವಿಚಾರಿಸಿದರೆ ಹಳ್ಳಿಯವರ ಪಕಾರಕ್ಕೇ ಹೆಚ್ಚು ಹಕ್ಕಿದೆ. ಗ್ರೀಕರಲ್ಲಿ ‘ಓಪೊಸ್’ ಎಂದರೆ ಗಿಡದ ರಸ. ಅದರಿಂದ ಹುಟ್ಟಿದ ‘ಓಪಿಯಾನ್’ ಎಂದರೆ ಗಸಗಸೆ ಕಾಯಿಯ ಸೊನೆ. ಅರಬ್ಬಿಯಲ್ಲಿ ಪಕಾರವೇ ಇಲ್ಲ, ಹಾಗಾಗಿ ಅಲ್ಲಿ ಅದು ‘ಅಫ್ಯೂನ್’ ಆಯಿತು. ಪಾರಸಿಯನ್ನು ಹಾದು ಹಿಂದೂಸ್ತಾನಕ್ಕೆ ಬಂದಾಗ ಕೊನೆಯ ನಕಾರ ಮಕಾರವಾಗಿ ‘ಅಫೀಮ್’. ದಕ್ಷಿಣಕ್ಕೆ ಇಳಿದ ಮೇಲೆ ಫಕಾರ ತೊಡರುವ ನಮ್ಮ ನಾಲಗೆ, ಅರಬ್ಬರು ಕಳೆದಿದ್ದ ಪಕಾರವನ್ನು ತನಗೇ ಗೊತ್ತಿಲ್ಲದೆ ಮರಳಿ ತಂದಿಟ್ಟಿತು. ಪಕ್ಕದ ತೆಲುಗರು ಈ ಪರದೇಶಿ ಹೆಸರಿನ ಗೊಡವೆ ಬಿಟ್ಟು ‘ನಲ್ಲಮಂದು’ ಎಂದರು, ಕರಿಮದ್ದು. ಮಲಯಾಳಿಗಳು ಮದ್ದನ್ನೂ ಬಿಟ್ಟು ಬರೀ ‘ಕರುಪ್ಪು’ ಎಂದರು.

ಕಪ್ಪು ಎಂದವರು ಕಂಡಿದ್ದು ಅಂಗಡಿಗೆ ಬಂದ ಉಂಡೆಯನ್ನು. ಹೊಲದಲ್ಲಿ ಅದು ಬಿಳಿ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಪರವಾನಗಿ ಪಡೆದ ರೈತರು ಇಂದಿಗೂ ಅದನ್ನು ಬೆಳೆಯುತ್ತಾರೆ. ಎಸಳು ಉದುರಿ ಕಾಯಿ ಬಲಿತ ಮೇಲೆ ಸಣ್ಣ ಅಲಗುಗಳ ಉಪಕರಣದಿಂದ ಮಧ್ಯಾಹ್ನದ ಹೊತ್ತು ಮೈಮೇಲೆ ಗೀರು ಹಾಕುತ್ತಾರೆ. ಮಾವಿನಕಾಯಿ ತೊಟ್ಟು ಮುರಿದಾಗ ಬರುವಂಥದೇ ಸೊನೆ, ಆದರೆ ಹಾಲಿನಂತೆ ಬೆಳ್ಳಗೆ. ರಾತ್ರಿಯೆಲ್ಲ ಜಿನುಗಿ, ಗಾಳಿ ತಗುಲಿ, ಬೆಳಗಾಗುವಾಗ ಕಂದು ಅಂಟಾಗಿರುತ್ತದೆ. ಅದನ್ನು ಕೆರೆದು ತೆಗೆಯುತ್ತಾರೆ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಬರೆದಿಟ್ಟ ಕ್ರಮವೂ ಹೆಚ್ಚುಕಮ್ಮಿ ಇದೇ. ಅದೇ ಕಾಯಿ ಒಣಗಿದರೆ ಒಳಗಿರುವುದು ನಮ್ಮ ಹಬ್ಬದ ಪಾಯಸದ ಗಸಗಸೆ. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೂ ದುಬೈಗೆ ಹೊರಟವರ ಪೆಟ್ಟಿಗೆಯಿಂದ ಮನೆಯವರು ಗಸಗಸೆ ಪೊಟ್ಟಣವನ್ನು ಹುಡುಕಿ ತೆಗೆಯುತ್ತಾರೆ. ಅಲ್ಲಿನ ಕಾನೂನಿಗೆ ಬೀಜವೂ ಒಂದೇ, ಸೊನೆಯೂ ಒಂದೇ.

ಚರಕ, ಸುಶ್ರುತರಲ್ಲಿ ಇದರ ಸುದ್ದಿಯಿಲ್ಲ. ಶಾರ್ಙ್ಗಧರನ ಕಾಲಕ್ಕೆ ಅದು ನಮ್ಮ ವೈದ್ಯಗ್ರಂಥಗಳಿಗೆ ಬಂದಿದೆ. 16ನೆಯ ಶತಮಾನದ ಭಾವಪ್ರಕಾಶದ ಹೊತ್ತಿಗೆ ಅದಕ್ಕೆ ಮೂರು ಹೆಸರು: ಖಸಫಲಕ್ಷೀರ, ಆಫೂಕ, ಅಹಿಫೇನ. ಮೊದಲನೆಯದು ಕಂಡದ್ದನ್ನು ಕಂಡ ಹಾಗೆ ಹೇಳಿದ್ದು, ಗಸಗಸೆ ಕಾಯಿಯ ಹಾಲು. ಎರಡನೆಯದು ಕೇಳಿದ್ದನ್ನು ಕೇಳಿದ ಹಾಗೆ. ಮೂರನೆಯದರಲ್ಲಿ ಪಂಡಿತರ ಕೈಚಳಕವಿದೆ. ‘ಅಫ್ಯೂನ್’ ಎಂಬ ಪರಭಾಷೆಯ ಸದ್ದನ್ನು ಸಂಸ್ಕೃತದ ಕಿವಿಯಲ್ಲಿ ಕೇಳಿ ‘ಅಹಿ’, ‘ಫೇನ’ ಎಂದು ಒಡೆದರು: ಹಾವಿನ ನೊರೆ. ವ್ಯುತ್ಪತ್ತಿಯ ಲೆಕ್ಕದಲ್ಲಿ ಇದು ಶುದ್ಧ ತಪ್ಪು. ಆದರೂ ಈ ವಸ್ತುವಿಗೆ ಬಿದ್ದ ಅಷ್ಟೂ ಹೆಸರುಗಳಲ್ಲಿ ನನಗೆ ಇದರ ಮೇಲೇ ಗೌರವ. ಮೈಗೆ ಹೋಗುವ ವಸ್ತುವನ್ನು ಅನುಮಾನದಿಂದ ನೋಡಿದ ಹೆಸರು ಇದೊಂದೇ.

ಕನ್ನಡದಲ್ಲಿ ಮಾತ್ರ ಅಫೀಮಿಗೆ ವೈದ್ಯದ ನಂಟು ಸಡಿಲವಾಗಿ ಅಮಲಿನ ಅರ್ಥವೊಂದೇ ಗಟ್ಟಿಯಾಯಿತು. ಇಂದು ಅದು ಪತ್ರಿಕೆಯ ಅಪರಾಧ ಪುಟದ ಮಾತು, ಇಲ್ಲವೇ ವೇದಿಕೆಯ ಮಾತು. ಧರ್ಮವನ್ನು ಜನರ ಅಫೀಮು ಎಂದು ಮಾರ್ಕ್ಸ್ ಬರೆದದ್ದು 1840ರ ದಶಕದಲ್ಲಿ. ಅಂದಿನ ಯುರೋಪಿನಲ್ಲಿ ಅಫೀಮು ಮನೆಮನೆಯ ನೋವಿನ ಔಷಧಿಯೂ ಆಗಿತ್ತು. ನಮ್ಮ ಭಾಷಣಕಾರರ ಬಾಯಲ್ಲಿ ಆ ನೋವು ಬಿದ್ದುಹೋಗಿ ಅಮಲಷ್ಟೇ ಉಳಿಯಿತು. ನೋವಿನ ಕೆಲಸವನ್ನು ಬೇರೊಂದು ಪದ ವಹಿಸಿಕೊಂಡಿತ್ತು.

ಆ ಪದ ಮಾರ್ಫಿನ್. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಯುವ ಔಷಧಿಗಾರ ಸೆರ್ಟ್ಯೂರ್ನರ್ ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿಟ್ಟ. 1898ರಲ್ಲಿ ಬೇಯರ್ ಕಂಪನಿ ಅದೇ ಮಾರ್ಫಿನ್‌ನ ಒಂದು ರೂಪಾಂತರವನ್ನು ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ತಂದಾಗ ಅದಕ್ಕೆ ವೀರನ ಹೆಸರು, ಹೆರಾಯಿನ್. ದೇವತೆಯಾಯಿತು, ವೀರನೂ ಆಯಿತು. ಹಾವು ಮಾತ್ರ ಇವರ ನೆನಪಿಗೆ ಬರಲಿಲ್ಲ.

ಒಬ್ಬನಿಗೆ ಬಂದಿತ್ತು. ಇಂಗ್ಲೆಂಡಿನ ಲೀಡ್ಸ್‌ನ ವೈದ್ಯ ಕ್ಲಿಫರ್ಡ್ ಆಲ್ಬಟ್, ಜ್ವರ ನೋಡುವ ಗಿಡ್ಡ ಥರ್ಮಾಮೀಟರನ್ನು ರೂಪಿಸಿದವನು. ಚುಚ್ಚುಮದ್ದಿನ ಸೂಜಿ ಆಗ ಹೊಸದು, ನರನೋವಿನವರಿಗೆ ಮಾರ್ಫಿಯಾ ಚುಚ್ಚುವುದು ಎಲ್ಲೆಡೆ ನಡೆದಿತ್ತು. 1870ರಲ್ಲಿ ಅವನು ‘ದಿ ಪ್ರಾಕ್ಟೀಷನರ್’ ಪತ್ರಿಕೆಯಲ್ಲಿ ಒಂದು ಅನುಮಾನ ಬರೆದ: ತಿಂಗಳುಗಟ್ಟಲೆ ಚುಚ್ಚಿಸಿಕೊಂಡವರು ಗುಣದ ಹತ್ತಿರಕ್ಕೂ ಬಂದಿಲ್ಲ, ಯಾವ ನೋವನ್ನು ಕಳೆಯುತ್ತೇನೆಂದು ಮಾರ್ಫಿಯಾ ಹೇಳುತ್ತದೋ ಅದನ್ನೇ ಅದು ಸಾಕುತ್ತಿರಬಹುದೇ?

ಈ ಪ್ರಶ್ನೆ ಹೆಚ್ಚು ಕಡಿಮೆ ನೂರು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಮೂಲೆಗೆ ಸರಿಸಿದ್ದೂ ಒಂದು ಪದವೇ ಎಂದು ನನ್ನ ಎಣಿಕೆ. ವೈದ್ಯರ ಬಳಿ ‘ಟಾಲರೆನ್ಸ್’ ಎಂಬ ಸಿದ್ಧ ವಿವರಣೆಯಿತ್ತು: ಮೈಗೆ ಔಷಧಿ ಒಗ್ಗಿಹೋಗಿದೆ, ಡೋಸು ಏರಿಸಿ. ನಮ್ಮವರು ಇದನ್ನೇ ‘ಈ ಮಾತ್ರೆ ಈಗೀಗ ನಾಟ್ತಿಲ್ಲ’ ಎನ್ನುತ್ತಾರೆ. ಮಾತು ಸರಿಯೇ, ಬಹಳ ಸಲ ಆಗುವುದೂ ಅಷ್ಟೇ. ಆದರೆ ಮಾತ್ರೆ ನಾಟದಿರುವುದು ಬೇರೆ, ಮಾತ್ರೆಯೇ ನೋವನ್ನು ಹದಗೊಳಿಸಿ ಹರಿತ ಮಾಡುವುದು ಬೇರೆ. ಮೊದಲನೆಯದರಲ್ಲಿ ಡೋಸು ಏರಿಸಿದರೆ ನೋವು ಇಳಿಯುತ್ತದೆ. ಎರಡನೆಯದರಲ್ಲಿ ಏರಿಸಿದಷ್ಟೂ ಏರುತ್ತದೆ. ಸೊಂಟದಲ್ಲಿದ್ದದ್ದು ಬೆನ್ನಿಗೆ, ತೋಳಿಗೆ ಹರಡುತ್ತದೆ. ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗದ ಮಂಕು ನೋವಾಗುತ್ತದೆ. ಹೊದಿಕೆ ಸೋಕಿದರೂ ಕೆಲವರು ಚೀರುತ್ತಾರೆ.

ಇದಕ್ಕೆ ಸಿಕ್ಕ ಹೆಸರು ‘ಓಪಿಯಾಯ್ಡ್ ಇಂಡ್ಯೂಸ್ಡ್ ಹೈಪರ್‌ಅಲ್ಜೀಸಿಯಾ’. ಓಪಿಯಾಯ್ಡ್ ಎಂದರೆ ಮಾರ್ಫಿನ್‌ನಂಥ, ಅಫೀಮಿನ ಕುಲದ ಔಷಧಿ; ಅದರ ಬೇರು ಅದೇ ‘ಓಪೊಸ್’. ‘ಆಲ್ಗೋಸ್’ ಎಂದರೆ ಗ್ರೀಕಿನಲ್ಲಿ ನೋವು. ನೋವು ನಿವಾರಕಕ್ಕೆ ಹೇಳುವ ‘ಅನಾಲ್ಜೆಸಿಕ್’ನಲ್ಲಿ, ಊರ ನೆನಪಿನ ಸಂಕಟಕ್ಕೆ ಹೇಳುವ ‘ನಾಸ್ಟಾಲ್ಜಿಯಾ’ದಲ್ಲಿ ಇರುವುದೂ ಅದೇ. ಅಂತೂ ಓಪೊಸ್ ಮತ್ತು ಆಲ್ಗೋಸ್, ಸೊನೆ ಮತ್ತು ನೋವು, ಒಂದೇ ಭಾಷೆಯ ಎರಡು ಹಳೆಯ ಪದಗಳು ಒಂದೇ ರೋಗದ ಹೆಸರಿನಲ್ಲಿ ಕೂಡಿದವು.

ಪರೀಕ್ಷೆ ಎಷ್ಟು ಸರಳವೆಂದರೆ ಅದಕ್ಕೆ ಮಂಜುಗಡ್ಡೆಯ ನೀರು ಸಾಕು. ಕೈಯನ್ನು ಆ ನೀರಿನಲ್ಲಿ ಅದ್ದಬೇಕು, ತಡೆಯಲಾರದಾಗ ಎತ್ತಬೇಕು, ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಬೇಕು. ಹೆರಾಯಿನ್ ಚಟ ಬಿಡಲು ಬಹುಕಾಲ ಮೆಥಡೋನ್ ಎಂಬ ಓಪಿಯಾಯ್ಡ್ ತೆಗೆದುಕೊಂಡವರು ಉಳಿದವರಿಗಿಂತ ಬಹಳ ಬೇಗ ಕೈ ಎತ್ತಿಬಿಡುತ್ತಾರೆ. ಮೈತುಂಬ ನೋವಿನ ಔಷಧಿ ಇರುವವರಿಗೇ ಥಂಡಿ ಹೆಚ್ಚು ಕೊರೆಯುತ್ತದೆ! ಆಪರೇಷನ್ ಕೋಣೆಯಲ್ಲೂ ಇದರ ಕುರುಹುಂಟು. ರೆಮಿಫೆಂಟನಿಲ್ ಎಂಬುದು ನಿಮಿಷಗಳಲ್ಲಿ ಕರಗಿಹೋಗುವ ಓಪಿಯಾಯ್ಡ್. ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಹರಿಸಿದ್ದವರಿಗೆ ಎಚ್ಚರವಾದ ಮೇಲೆ ನೋವೂ ಹೆಚ್ಚು, ಬೇಕಾಗುವ ಮಾರ್ಫಿನ್ನೂ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ.

ಒಳಗೆ ನಡೆಯುವುದಿಷ್ಟು. ನೋವಿನ ಸುದ್ದಿ ಬೆನ್ನುಹುರಿಯ ಮೂಲಕ ಮೆದುಳಿಗೆ ಹೋಗಬೇಕು. ಓಪಿಯಾಯ್ಡ್ ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಆ ಸುದ್ದಿಯನ್ನು ತಗ್ಗಿಸುತ್ತದೆ. ಬಾಯಿ ಮುಚ್ಚಿಸಿದಷ್ಟೂ ಮೈ ತನ್ನ ದೂರನ್ನು ಮುಟ್ಟಿಸಲು ಬೇರೆ ದಾರಿ ಬಲಪಡಿಸಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕಕ್ಕೆ ಓಗೊಡುವ ಎನ್‌ಎಂಡಿಎ ಗ್ರಾಹಕಗಳು ಕೆರಳುತ್ತವೆ. ಮೆದುಳಿನ ಕಾಂಡದಿಂದ ಕೆಳಗಿಳಿದು ನೋವನ್ನು ಅಡಗಿಸಬಲ್ಲ, ಎಬ್ಬಿಸಲೂ ಬಲ್ಲ ನರಮಾರ್ಗಗಳು ಎಬ್ಬಿಸುವ ಕಡೆಗೆ ವಾಲುತ್ತವೆ. ಎನ್‌ಎಂಡಿಎಗೆ ಅಡ್ಡಹಾಕುವ ಕೆಟಮಿನ್ ಸಣ್ಣ ಪ್ರಮಾಣದಲ್ಲಿ ಇಲ್ಲಿ ನೆರವಿಗೆ ಬರುವುದು ಇದರಿಂದಲೇ. ಉಳಿದ ಉಪಾಯಗಳು ಡೋಸನ್ನು ನಿಧಾನವಾಗಿ ಇಳಿಸುವುದು, ಇಲ್ಲವೇ ಅದೇ ಕುಲದ ಬೇರೊಂದು ಔಷಧಿಗೆ ಬದಲಿಸುವುದು. ರೋಗಿಗಳಲ್ಲಿ ಇದು ಎಷ್ಟು ಸಾಮಾನ್ಯ ಎಂಬ ಬಗ್ಗೆ ವೈದ್ಯರ ವಾದ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಇದನ್ನು ಏನೆನ್ನಬೇಕು? ‘ಅತಿವೇದನೆ’ ಎಂದರೆ ಬರೀ ಜೋರು ನೋವು ಎಂದಾಗುತ್ತದೆ, ಕಾರಣ ಹೊರಗುಳಿಯುತ್ತದೆ. ‘ಮದ್ದುನೋವು’ ಎಂದರೆ ಚಿಕ್ಕದು, ನಾಲಗೆಗೆ ಕೂರುತ್ತದೆ. ಕೋವಿಗೆ ತುಂಬುವುದನ್ನೂ, ಆಗದವರು ಊಟದಲ್ಲಿ ಬೆರೆಸುತ್ತಾರೆಂದು ಮಲೆನಾಡು, ಕರಾವಳಿಯವರು ಅಂಜುವುದನ್ನೂ ನಾವು ಮದ್ದು ಎಂದೇ ಕರೆದಿದ್ದೇವೆ, ಆದ್ದರಿಂದ ಆ ಪದಕ್ಕೆ ಈ ಭಾರ ಹೊಸದೇನಲ್ಲ. ನನ್ನ ಒಲವು ಇದರ ಕಡೆಗೇ. ಅಳುಕು ಒಂದಿದೆ. ನಮ್ಮಲ್ಲಿ ‘ಮಾರ್ಫಿನ್ ಶುರು ಮಾಡಿದರು’ ಎಂದರೆ ಮನೆಯವರು ಕೊನೆಗಾಲ ಬಂತೆಂದೇ ತಿಳಿಯುತ್ತಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಮಾತ್ರೆ ಸಿಗುವುದು ದುಸ್ತರವಾಗಿತ್ತು, 2014ರ ತಿದ್ದುಪಡಿ ಅದನ್ನು ತುಸು ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಆರೈಕೆಯ ಕೇಂದ್ರಗಳಲ್ಲಿ ಎಷ್ಟೋ ಜನ ರಾತ್ರಿ ಕಣ್ಣು ಮುಚ್ಚುವುದು ಆ ಮಾತ್ರೆಯ ದಯೆಯಿಂದ. ಅಲ್ಲಿ ಯಾರಾದರೂ ‘ಮದ್ದುನೋವು’ ಎಂಬ ಪದ ಕೇಳಿ ಹೆದರಿ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ, ಹಠಾತ್ತಾಗಿ ಬಿಟ್ಟ ಕಾರಣಕ್ಕೇ ನೋವು ಮೇಲೇಳುತ್ತದೆ, ಜೊತೆಗೆ ಬೆವರು, ನಡುಕ, ಭೇದಿ. ಹಾಗಾಗಿ ಈ ಪದವನ್ನು ಮೊದಲು ಬಳಸಬೇಕಾದವರು ಪತ್ರಿಕೆಯವರಲ್ಲ, ವಾರ್ಡಿನ ಡಾಕ್ಟರು ಮತ್ತು ನರ್ಸುಗಳು. ‘ಡೋಸು ಜಾಸ್ತಿ ಮಾಡಿದ ಮೇಲೆ ನೋವು ಇಳೀತಾ, ಏರ್ತಾ? ಮೊದಲಿದ್ದ ಜಾಗದಲ್ಲೇ ಇದೆಯಾ?’ ಎಂದು ಹಾಸಿಗೆಯ ಪಕ್ಕ ನಿಂತು ಕೇಳಿ, ಉತ್ತರ ಬರೆದುಕೊಂಡ ನಂತರ.