1993 ಎಂಬ ಸಾಕ್ಷ್ಯ: ಸಿದ್ದಿ ಓಟಗಾರರ ಆಯ್ಕೆ ಮತ್ತು ಅದರ ತಪ್ಪು ಓದು

ಉತ್ತರ ಕನ್ನಡದ, ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಕ್ಕಳ ಓಟದ ಕುರಿತು ಬರೆದವರೆಲ್ಲ ಎರಡು ಇಸವಿಗಳನ್ನು ಜೋಡಿಯಾಗಿ ಹೇಳುತ್ತಾರೆ: 1987 ಮತ್ತು 1993. ಭಾರತೀಯ ಕ್ರೀಡಾ ಪ್ರಾಧಿಕಾರವು ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯಡಿ ಈ ಮಕ್ಕಳನ್ನು ಆರಿಸಿಕೊಂಡಿದ್ದು ಮೊದಲ ವರ್ಷದಲ್ಲಿ, ಕೈಬಿಟ್ಟಿದ್ದು ಎರಡನೆಯ ವರ್ಷದಲ್ಲಿ. ನಡುವಿನ ಆರು ವರ್ಷಗಳನ್ನು ಮುಂದಿಟ್ಟುಕೊಂಡು ತೀರ್ಪು ಬರೆಯುವುದು ರೂಢಿಯಾಗಿಬಿಟ್ಟಿದೆ. ಒಂದು ಪಕ್ಷದ ಪ್ರಕಾರ, ಆಫ್ರಿಕದ ರಕ್ತವೆಂದು ನಂಬಿ ಆರಿಸಿದರು, ಒಲಿಂಪಿಕ್ ಪದಕ ಬರಲಿಲ್ಲ, ಹಾಗಾಗಿ ಆಯ್ಕೆಯೇ ತಪ್ಪು. ಇನ್ನೊಂದು ಪಕ್ಷಕ್ಕೆ ಆಯ್ಕೆ ಸರಿಯೇ ಇತ್ತು; ಹುಟ್ಟು ಓಟಗಾರರನ್ನು ದೆಹಲಿಯ ಕಚೇರಿಗಳು ಹಾಳುಮಾಡಿದವು. ಇಂಗ್ಲಿಷ್ ಪತ್ರಿಕೆಗಳ ವಿಶೇಷ ಲೇಖನಗಳಲ್ಲಿ ಎರಡನೆಯ ಮಾತು ಹೆಚ್ಚು ಕೇಳಿಸುತ್ತದೆ, ಕ್ರೀಡಾ ಅಧಿಕಾರಿಗಳ ನಡುವೆ ಮೊದಲನೆಯದು. ಎರಡೂ ಪಕ್ಷದವರು 1993ನ್ನು ಪರೀಕ್ಷೆಯ ಫಲಿತಾಂಶವೆಂದು ಓದಿದ್ದಾರೆ. ಅದು ಫಲಿತಾಂಶವಲ್ಲ. ಪರೀಕ್ಷೆ ಅರ್ಧಕ್ಕೆ ನಿಂತ ದಿನಾಂಕ.

ಮೊದಲು ಒಂದು ತಪ್ಪನ್ನು ತಿದ್ದಬೇಕು. 1993ರಲ್ಲಿ ಯೋಜನೆ ಮುಚ್ಚಿತು ಎಂಬ ವಾಕ್ಯ ಲೇಖನದಿಂದ ಲೇಖನಕ್ಕೆ ನಕಲಾಗುತ್ತ ಬಂದಿದೆ. ಮುಚ್ಚಿದ್ದು ಯೋಜನೆಯಲ್ಲ, ಅದರೊಳಗಿನ ಸಿದ್ದಿ ಅಥ್ಲೆಟಿಕ್ಸ್ ಶಾಖೆ. ಸ್ಪೆಷಲ್ ಏರಿಯಾ ಗೇಮ್ಸ್ ಕೇಂದ್ರಗಳು ದೇಶದ ಬೇರೆ ಕಡೆ ಮುಂದುವರಿದವು. ಇಂಫಾಲದ ಕೇಂದ್ರದಲ್ಲಿ ಪಳಗಿದ ಡಿಂಕೊ ಸಿಂಗ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದರು. ಸಿದ್ದಿ ಮಕ್ಕಳನ್ನು ಆರಿಸಿದ ಅದೇ 1987ರಲ್ಲಿ, ಅದೇ ಯೋಜನೆಯಡಿ, ರಾಜಸ್ಥಾನದ ಉದಯಪುರ ಸೀಮೆಯ ಆದಿವಾಸಿ ಹುಡುಗ ಲಿಂಬಾ ರಾಮ್ ಬಿಲ್ಲುಗಾರಿಕೆಗೆ ಆಯ್ಕೆಯಾದರು. ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿದ್ದರು, 1992ರಲ್ಲಿ ಬೀಜಿಂಗ್‌ನ ಏಷ್ಯನ್ ಬಿಲ್ಲುಗಾರಿಕೆ ಕೂಟದಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದರು. 1987ರಲ್ಲಿ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಯೋಜನೆಯನ್ನು ಊರೂರಿಗೆ ಒಯ್ದ ಅಧಿಕಾರಿ ಬಿ.ವಿ.ಪಿ. ರಾವ್. ಸಚಿವೆ, ಅಧಿಕಾರಿ, ಹಣದ ಮೂಲ, ಆರಂಭದ ವರ್ಷ ಎಲ್ಲವೂ ಒಂದೇ. ಸಮುದಾಯದ ಹೆಸರಿನಲ್ಲಿ ಪ್ರತಿಭೆ ಹುಡುಕಿದ್ದೇ ಸೋಲಿಗೆ ಕಾರಣವಾಗಿದ್ದರೆ ಉದಯಪುರದಲ್ಲೂ ಸೋಲಬೇಕಿತ್ತು. ಸಿದ್ದಿಗಳ ಕಥೆಯನ್ನು ಒಂಟಿಯಾಗಿ ಬರೆದವರು ಈ ಹೋಲಿಕೆಯತ್ತ ತಿರುಗಿಯೂ ನೋಡಿಲ್ಲ. ಈ ಅಲಕ್ಷ್ಯವನ್ನು ಸಣ್ಣದೆಂದು ಬಿಡುವಂತಿಲ್ಲ, ಏಕೆಂದರೆ ಅವರ ವಾದ ನಿಂತಿರುವುದೇ ಅದರ ಮೇಲೆ.

ಇನ್ನು ವಯಸ್ಸಿನ ಲೆಕ್ಕ. 1987ರಲ್ಲಿ 13 ವರ್ಷದವನಾಗಿದ್ದ ಹುಡುಗನಿಗೆ 1993ರಲ್ಲಿ 19. ಟ್ರ್ಯಾಕಿನ ಬಹುತೇಕ ಸ್ಪರ್ಧೆಗಳಲ್ಲಿ ಉತ್ತುಂಗ ಬರುವುದು ಇಪ್ಪತ್ತರ ನಡುವಿನಲ್ಲಿ. ಹೆಪ್ಟಾಥ್ಲಾನ್‌ನಂಥ ಬಹುಸ್ಪರ್ಧೆಗಳಲ್ಲಿ ಇನ್ನೂ ತಡ. ಬಿಲ್ಲಿಗೆ ಹದಿನಾರರ ಹುಡುಗ ಸಾಕು, ಹರ್ಡಲ್ಸ್‌ಗೆ ಸಾಲದು. ಇದಕ್ಕೆ ಎದುರು ಪುರಾವೆ ಇಲ್ಲದಿಲ್ಲ, ಅದನ್ನೂ ಹೇಳಿಬಿಡಬೇಕು. ಪಿ.ಟಿ. ಉಷಾ 1976ರಲ್ಲಿ ಕಣ್ಣೂರಿನ ಕ್ರೀಡಾ ವಿಭಾಗಕ್ಕೆ ಸೇರಿ, ಆರನೇ ವರ್ಷ, 1982ರ ದೆಹಲಿ ಏಷ್ಯಾಡ್‌ನಲ್ಲಿ 100 ಮತ್ತು 200 ಮೀಟರ್ ಬೆಳ್ಳಿ ಗೆದ್ದಿದ್ದರು. ಆರು ವರ್ಷ ಸಾಕಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಉಷಾ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ 400 ಮೀಟರ್ ಹರ್ಡಲ್ಸ್ ಅವರ ಕೈಗೆ ಬಂದದ್ದೇ ಆಮೇಲೆ. ಸೋಲ್ ಏಷ್ಯಾಡ್‌ನ ನಾಲ್ಕು ಚಿನ್ನ ಬಂದದ್ದು ಹತ್ತನೇ ವರ್ಷದಲ್ಲಿ. ಅಷ್ಟೂ ಕಾಲ ಅವರ ಬೆನ್ನಿಗಿದ್ದವರು ಒಬ್ಬರೇ ತರಬೇತುದಾರರು, ಒ.ಎಂ. ನಂಬಿಯಾರ್. ಆರನೇ ವರ್ಷಕ್ಕೆ ಕಡತ ಮುಚ್ಚಿದ್ದರೆ ಉಷಾ ಎಂಬ ಹೆಸರು ಎರಡು ಬೆಳ್ಳಿಗೇ ನಿಲ್ಲುತ್ತಿತ್ತು.

ಸಿದ್ದಿ ತಂಡದಿಂದ ಏನೂ ಬರಲಿಲ್ಲ ಎನ್ನುವುದೂ ಸುಳ್ಳು. ಕಮಲಾ ಮಿಂಗೆಲ್ ಸಿದ್ದಿ, ಫಿಲಿಪ್ ಆಂಟನಿ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಇವರೆಲ್ಲ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರು. ಕೆಲವು ಸಾವಿರ ಕುಟುಂಬಗಳಷ್ಟೇ ಇರುವ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ ಚದುರಿ ಬಾಳುತ್ತಿದ್ದ ಸಮುದಾಯ ಇದು. ಅಷ್ಟು ಸಣ್ಣ ಗುಂಪಿನಿಂದ, ಅಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಜನ ರಾಷ್ಟ್ರಮಟ್ಟ ಮುಟ್ಟಿದ್ದನ್ನು ‘ವಿಫಲ’ ಎಂದವರು ಯಾವ ಸಮುದಾಯದ ಯಾವ ಆರು ವರ್ಷಗಳೊಡನೆ ಹೋಲಿಸಿದರು ಎಂದು ಹೇಳಿಲ್ಲ.

ಇಲ್ಲಿಯವರೆಗಿನ ವಾದ ಎರಡನೆಯ ಪಕ್ಷಕ್ಕೆ ಹಿತವಾಗಿ ಕೇಳಿಸಬಹುದು. ಆದರೆ ಅವರ ನಿಲುವು ಇನ್ನೂ ದುರ್ಬಲ. ಸಿದ್ದಿಗಳು ಆಫ್ರಿಕದವರು, ಆಫ್ರಿಕದವರು ಓಡುತ್ತಾರೆ, ಹಾಗಾಗಿ ಸಿದ್ದಿಗಳು ಓಡುತ್ತಾರೆ ಎಂಬ ತರ್ಕವನ್ನು ಅವರು 1987ರ ಅಧಿಕಾರಿಗಳಿಂದಲೇ ಬಳುವಳಿ ಪಡೆದಿದ್ದಾರೆ. ಆಫ್ರಿಕ ಎಂಬುದು ಒಂದು ಊರಲ್ಲ. ದೂರದ ಓಟದ ಪದಕಗಳು ಬಹುಪಾಲು ಕೀನ್ಯಾದ ರಿಫ್ಟ್ ಕಣಿವೆಯ ಕಾಲೆಂಜಿನ್ ಜನರಿಂದ, ಇಥಿಯೋಪಿಯಾದ ಎತ್ತರದ ಸೀಮೆಯಿಂದ ಬಂದಿವೆ. ವೇಗದ ಓಟದ ದೊಡ್ಡ ಹೆಸರುಗಳು ಜಮೈಕ ಮತ್ತು ಅಮೆರಿಕದವು. ಅವರ ಪೂರ್ವಜರು ಹೆಚ್ಚಾಗಿ ಪಶ್ಚಿಮ ಆಫ್ರಿಕದವರು. ಸಿದ್ದಿಗಳು ಇವೆರಡರಲ್ಲಿ ಯಾವುದಕ್ಕೂ ಸೇರಿದವರಲ್ಲ. 2011ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್’ ಪ್ರಕಟಿಸಿದ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡ ಅಧ್ಯಯನವು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಮೂಲವನ್ನು ಬಂಟು ಭಾಷಿಕರೊಂದಿಗೆ ಜೋಡಿಸಿತು. ಸುಮಾರು 200 ವರ್ಷಗಳಿಂದ ಇಲ್ಲಿನ ಜನರೊಂದಿಗೆ ರಕ್ತ ಬೆರೆತಿರುವುದನ್ನೂ ಅದು ಗುರುತಿಸಿತು. ಇಲ್ಲಿನ ಸಿದ್ದಿಗಳ ಪೂರ್ವಜರೂ ಸೇರಿದಂತೆ, ಪೋರ್ಚುಗೀಸರು ಗೋವೆಗೆ ಗುಲಾಮರನ್ನು ತಂದದ್ದು ಮುಖ್ಯವಾಗಿ ಮೊಜಾಂಬಿಕ್ ಕರಾವಳಿಯಿಂದ ಎಂಬುದು ಇತಿಹಾಸದ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು.

ಹಾಗಿದ್ದರೆ ಮೊಜಾಂಬಿಕ್‌ನ ಪದಕಗಳನ್ನೇ ಎಣಿಸೋಣ. ಕೋಟಿಗಟ್ಟಲೆ ಜನರಿರುವ ಆ ದೇಶಕ್ಕೆ 2024ರವರೆಗೆ ಒಲಿಂಪಿಕ್ಸ್‌ನಲ್ಲಿ ಬಂದದ್ದು ಎರಡೇ ಪದಕ. ಎರಡನ್ನೂ ತಂದವರು ಒಬ್ಬರೇ, 800 ಮೀಟರ್ ಓಟಗಾರ್ತಿ ಮರಿಯಾ ಮುಟೋಲಾ: 1996ರಲ್ಲಿ ಕಂಚು, 2000ದಲ್ಲಿ ಚಿನ್ನ. ಹುಡುಗರೊಂದಿಗೆ ಫುಟ್ಬಾಲ್ ಆಡುತ್ತಿದ್ದ ಆಕೆಯ ಓಟವನ್ನು ಮೊದಲು ಗುರುತಿಸಿದವರು ಕವಿ ಜೋಸೆ ಕ್ರಾವೆರಿನ್ಯ. 1988ರ ಸೋಲ್‌ನಲ್ಲಿ, ಹದಿನೈದರ ಹರೆಯದಲ್ಲಿ, ಮೊದಲ ಸುತ್ತಿನಲ್ಲೇ ಹೊರಬಿದ್ದರು. 1991ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಓರೆಗಾನ್‌ಗೆ ಹೋಗಿ ಅಲ್ಲಿ ಪಳಗಿದರು. ಚಿನ್ನ ಬಂದಾಗ ವಯಸ್ಸು 27. ಪೂರ್ವಜರ ನಾಡಿನಲ್ಲೇ ರಕ್ತ ಪದಕ ತರಲಿಲ್ಲ, ಹನ್ನೆರಡು ವರ್ಷಗಳ ಆಸರೆ ತಂದಿತು. ಸಿದ್ದಿಗಳ ಪರವಾಗಿ ಬರೆಯುತ್ತ ‘ಹುಟ್ಟು ಓಟಗಾರರು’ ಎನ್ನುವವರು ಈ ಎರಡು ಪದಕಗಳಿಗೆ ಉತ್ತರ ಕೊಡಬೇಕು. ಸಿದ್ದಿ ಹುಡುಗಿಯ ಪದಕವನ್ನು ಅವಳ ಪೂರ್ವಜರ ಲೆಕ್ಕಕ್ಕೆ ಬರೆಯುವುದು ಅವಳ ಬೆವರಿಗೆ ಮಾಡುವ ಅನ್ಯಾಯ.

ಹಾಗಾದರೆ ಎಳೆಯ ವಯಸ್ಸಿನ ಅಂಕಗಳಿಂದ ಮುಂದಿನದನ್ನು ಹೇಳಲು ಬರುವುದೇ ಇಲ್ಲವೇ? ಬರುತ್ತದೆ, ಅದಕ್ಕೆ ಬೇಕಾದ ದಾಖಲೆ ಇರಬೇಕಷ್ಟೆ. ಈ ಪ್ರಶ್ನೆಯನ್ನು ಅತಿ ಹೆಚ್ಚು ಅಳೆದು ನೋಡಿರುವುದು ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲಿ. ಅಲ್ಲಿ ಪ್ರೌಢಶಾಲೆಯ ಆಟಗಾರರಿಗೆ ಎರಡರಿಂದ ಐದರವರೆಗೆ ನಕ್ಷತ್ರ ಕೊಡುವ ಸಂಸ್ಥೆಗಳಿವೆ. ಐದು ನಕ್ಷತ್ರದವರು ಇಡೀ ದೇಶಕ್ಕೆ ವರ್ಷಕ್ಕೆ ಮೂವತ್ತರ ಆಸುಪಾಸು. ಜೆ.ಜೆ. ವಾಟ್‌ಗೆ ಎರಡೇ ನಕ್ಷತ್ರವಿತ್ತು. ವಿಸ್ಕಾನ್ಸಿನ್ ತಂಡಕ್ಕೆ ವಿದ್ಯಾರ್ಥಿವೇತನವೂ ಇಲ್ಲದೆ ಬಂದು, ಮುಂದೆ ವೃತ್ತಿಪರ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಎಂಬ ಪ್ರಶಸ್ತಿಯನ್ನು ಮೂರು ಬಾರಿ ಪಡೆದರು. ನಕ್ಷತ್ರಗಳು ಬರೀ ಬೂಟಾಟಿಕೆ ಎನ್ನುವವರಿಗೆ ವಾಟ್ ಅಚ್ಚುಮೆಚ್ಚು. ಆದರೆ ಎರಡು, ಮೂರು ನಕ್ಷತ್ರದವರು ಸಾವಿರಾರು ಜನ. ಅವರಲ್ಲಿ ಕೆಲವರು ಮೇಲೇರುವುದು ಆಶ್ಚರ್ಯವಲ್ಲ. ತಲಾವಾರು ಲೆಕ್ಕ ಹಾಕಿದರೆ ಐದು ನಕ್ಷತ್ರದವನು ವೃತ್ತಿಪರ ಲೀಗ್ ತಲುಪುವ ಸಾಧ್ಯತೆ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಬಡ್ ಎಲಿಯಟ್ ಎಂಬ ಬರಹಗಾರ ತಂಡಗಳ ಮಟ್ಟದಲ್ಲಿ ತೋರಿಸಿದ್ದೂ ಇದನ್ನೇ. ಆಯ್ದ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಲ್ಕು ಅಥವಾ ಐದು ನಕ್ಷತ್ರದವರಿದ್ದ ತಂಡಗಳೇ, ನಕ್ಷತ್ರಗಳ ಈ ಕಾಲದಲ್ಲಿ, 2024ರ ಋತುವಿನವರೆಗೆ ರಾಷ್ಟ್ರೀಯ ಚಾಂಪಿಯನ್ ಆದವು. ಗುಂಪಿನ ಬಗ್ಗೆ ಅಂಕ ಹೇಳುವ ಮಾತು ನಿಜ, ಒಬ್ಬ ಹುಡುಗನ ಬಗ್ಗೆ ಹೇಳುವುದು ಬರೀ ಅಂದಾಜು. (ಹೆಚ್ಚು ನಕ್ಷತ್ರದವರಿಗೇ ಒಳ್ಳೆಯ ತರಬೇತುದಾರ, ಹೆಚ್ಚು ಆಟದ ಸಮಯ ಸಿಗುತ್ತದೆ, ಭವಿಷ್ಯವಾಣಿ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಪಾಲೂ ಇದರಲ್ಲಿದೆ.)

ಈ ಮಾತು ಹೇಳಲು ಅಮೆರಿಕದವರಿಗೆ ಸಾಧ್ಯವಾದದ್ದು ಎರಡು ನಕ್ಷತ್ರದವರ ಹೆಸರನ್ನೂ ಬರೆದಿಟ್ಟುಕೊಂಡಿದ್ದರಿಂದ. 1987ರ ಸಿದ್ದಿ ಶೋಧದ ಮೂಲ ದೋಷ ಇಲ್ಲೇ ಇದೆ. ಮೊದಲು ವಂಶದ ಗೆರೆ ಎಳೆದರು, ಆಮೇಲೆ ಗೆರೆಯೊಳಗಿನವರನ್ನು ಓಡಿಸಿದರು. ಅಂಕೋಲಾ ತಾಲೂಕಿನ ಘಟ್ಟದ ಅಂಚಿನ ಸಿದ್ದಿ ಹುಡುಗ ಆ ಲೆಕ್ಕಕ್ಕೆ ಬಂದ. ಅದೇ ತಾಲೂಕಿನ ಪೇಟೆಗೆ ಅಂಟಿಕೊಂಡ ಬೊಬ್ರುವಾಡದಲ್ಲಿ, ಅದರ ಸುತ್ತಲಿನ ಊರುಗಳಲ್ಲಿ, ಗದ್ದೆ ಬಯಲಿನಲ್ಲೂ ಕಡಲದಂಡೆಯ ಮರಳಿನಲ್ಲೂ ಓಡಿ ಬೆಳೆದ ಹಾಲಕ್ಕಿ, ನಾಮಧಾರಿ, ಖಾರ್ವಿ, ಆಗೇರರ ಮಕ್ಕಳು ಬರಲಿಲ್ಲ. ಅವರ ಓಟದ ಸಮಯವನ್ನೂ ಬರೆದು ಪಕ್ಕದಲ್ಲಿಟ್ಟಿದ್ದರೆ ಮಾತ್ರ ವಂಶದ ಗೆರೆಗೆ ಏನಾದರೂ ಅರ್ಥವಿದೆಯೇ ಎಂದು ಕೇಳಬಹುದಿತ್ತು. ಹೋಲಿಸಲು ಇನ್ನೊಂದು ಗುಂಪಿಲ್ಲದ ಪ್ರಯೋಗದಿಂದ ಸಿದ್ದಿಗಳು ಶ್ರೇಷ್ಠರು ಎಂದೂ ಸಾಧಿಸಲಾಗದು, ಅಲ್ಲ ಎಂದೂ ಸಾಧಿಸಲಾಗದು.

ವಯಸ್ಸಿನ ದಾಖಲೆಯೂ ಇನ್ನೊಂದು ತೊಡಕು. ಆ ಕಾಲದ ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1. ಹೆಡ್ಮಾಸ್ತರರು ಬರೆದದ್ದೇ ಹುಟ್ಟಿದ ದಿನ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಒಂದು ವರ್ಷದ ಅಂತರ ಕಾಲಿನ ಉದ್ದವನ್ನೂ ಬಲವನ್ನೂ ಬದಲಿಸಿಬಿಡುತ್ತದೆ. ಕೆನಡಾದ ಹಾಕಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದ, ಅಂದರೆ ತಮ್ಮ ವಯೋವರ್ಗದಲ್ಲಿ ಹಿರಿಯರಾದ ಹುಡುಗರೇ ಅಳತೆ ಮೀರಿ ಆಯ್ಕೆಯಾಗುತ್ತಿದ್ದಾರೆಂದು ರೋಜರ್ ಬಾರ್ನ್ಸ್ಲೆ 1985ರಲ್ಲೇ ತೋರಿಸಿದ್ದರು. ಬೇಗ ಬೆಳೆದವನು ಗೆಲ್ಲುತ್ತಾನೆ, ಆಯ್ಕೆಗಾರ ಅದನ್ನು ಪ್ರತಿಭೆ ಎಂದು ಬರೆದುಕೊಳ್ಳುತ್ತಾನೆ. ಆರ್ನೆ ಗುಲಿಚ್ ಮತ್ತು ಸಂಗಡಿಗರು ಸಾವಿರಾರು ಕ್ರೀಡಾಪಟುಗಳ ಮಾಹಿತಿ ಕಲೆಹಾಕಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ ಮಾತು: ವಿಶ್ವಮಟ್ಟ ಮುಟ್ಟಿದವರು ಬಾಲ್ಯದಲ್ಲಿ ಹಲವು ಆಟ ಆಡಿದವರು, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದವರು, ಮೊದಮೊದಲು ನಿಧಾನವಾಗಿ ಸುಧಾರಿಸಿದವರು.

ಇನ್ನು ಓಟ ಬಿಟ್ಟವರ ಮೇಲಿನ ಆಕ್ಷೇಪ. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1976ರಲ್ಲೇ ಹೊರಬಂದಿತ್ತು. ಮೂರು ಧರ್ಮಗಳಲ್ಲಿ ಹಂಚಿಹೋದ, ಬಡತನದಲ್ಲಿ ಬದುಕುವ ಜನರ ಚಿತ್ರ ಅದರಲ್ಲಿದೆ. ಕ್ರೀಡಾ ಕೋಟಾದ ನೌಕರಿ ಸಿಕ್ಕೊಡನೆ ಸಿದ್ದಿಗಳು ಓಟ ಬಿಟ್ಟರು ಎಂದು ಆಕ್ಷೇಪಿಸುವವರು ಆ ಪುಟಗಳನ್ನು ಓದಬೇಕು. ಪರಿಶಿಷ್ಟ ಪಂಗಡದ ಮಾನ್ಯತೆ ಅವರಿಗೆ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, ತರಬೇತಿಯೂ ನಿಂತ ಮೇಲೆ, ಹತ್ತೊಂಬತ್ತರ ಹುಡುಗ ಸಂಬಳದ ಕೆಲಸ ಹಿಡಿದನೆಂದರೆ ಅದರಲ್ಲಿ ಛಲದ ಕೊರತೆ ಹುಡುಕುವುದು ಸಲ್ಲದು.

ಈಗ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಫೌಂಡೇಶನ್ ಸಿದ್ದಿ ಮಕ್ಕಳ ಜೊತೆಗೆ ಗೌಳಿ ಮಕ್ಕಳನ್ನೂ ಒಂದೇ ಮೈದಾನದಲ್ಲಿ ಓಡಿಸುತ್ತಿದೆ. 1987ರ ಗೆರೆ ಅಷ್ಟರಮಟ್ಟಿಗೆ ಅಳಿಸಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕೀರ್ತಿ’ ಯೋಜನೆ 9ರಿಂದ 18 ವರ್ಷದ ಮಕ್ಕಳನ್ನು ದೇಶದಾದ್ಯಂತ ಪರೀಕ್ಷಿಸಲು ಹೊರಟಿದೆ. ಅದನ್ನು ನಡೆಸುವವರಲ್ಲಿ ಕೇಳಬೇಕಾದ್ದು ಇಷ್ಟೇ: ಆಯ್ಕೆಯಾಗದ ಮಗುವಿನ ಅಳತೆಯನ್ನೂ ಜೋಪಾನವಾಗಿಡಿ, ಕಾರವಾರ ಮತ್ತು ಅಂಕೋಲೆಯ ಶಾಲೆಗಳಿಂದ ಬಂದ ಪ್ರತಿ ಹೆಸರನ್ನೂ ಕನಿಷ್ಠ ಹನ್ನೆರಡು ವರ್ಷ ಹಿಂಬಾಲಿಸಿ, ಅಲ್ಲಿಯವರೆಗೆ ಯಾವ ಸಮುದಾಯದ ಮೇಲೂ ಗೆದ್ದಿತು, ಸೋತಿತು ಎಂದು ಷರಾ ಬರೆಯಬೇಡಿ.