ಕಳೆದುಹೋದ 9 ಡಾಲರ್ | ಭಾಗ 4

ಪಿಯುಸಿಯಲ್ಲಿ ನಮ್ಮ ಕ್ಲಾಸ್ ಹುಡುಗಿಯೊಬ್ಬಳ ಪರ್ಸಿಂದ 200 ರೂಪಾಯಿ ಹೋಯ್ತು. ಎಲ್ಲರ ಬ್ಯಾಗೂ ಚೆಕ್ ಮಾಡಿದ್ರು, ದುಡ್ಡು ಸಿಗಲಿಲ್ಲ. ಕೊನೆಗೆ "ಪರ್ಸ್ ಯಾಕೆ ಬಿಟ್ಟು ಹೋದೆ?" ಅಂತ ಅವಳಿಗೇ ಬೈದ್ರು. ನಾವೆಲ್ಲ ಸುಮ್ಮನೆ ಕೂತಿದ್ವಿ.

ಇಂಥದ್ದೇ ಒಂದು ಘಟನೆ 1970ರ ದಶಕದಲ್ಲಿ ಅಮೆರಿಕದ ಕೇಂಬ್ರಿಡ್ಜ್ ಊರಲ್ಲಿ ನಡೆದಿತ್ತು.

ಅದಕ್ಕೂ ಮುಂಚೆ ಲಾರೆನ್ಸ್ ಕೋಲ್‌ಬರ್ಗ್ ಬಗ್ಗೆ ಹೇಳ್ಬೇಕು. 1958ರಲ್ಲಿ ಶಿಕಾಗೋದಲ್ಲಿ ಪಿಎಚ್‌ಡಿ ಮುಗಿಸಿದ ಮನಶ್ಶಾಸ್ತ್ರಜ್ಞ. ಅವರು ಹುಡುಗರಿಗೆ ಕೇಳಿದ ಪ್ರಶ್ನೆ ಇದು: ಹೆಂಡತಿ ಸಾಯ್ತಿದ್ದಾಳೆ, ಔಷಧಿಗೆ ದುಡ್ಡು ಸಾಲದು, ಗಂಡ ಕದೀಬಹುದಾ? ಹೌದು, ಇಲ್ಲ ಅನ್ನೋದಕ್ಕಿಂತ 'ಯಾಕೆ' ಅನ್ನೋದೇ ಅವರಿಗೆ ಮುಖ್ಯ. ಆ ಉತ್ತರಗಳಿಂದ, ಶಿಕ್ಷೆಯ ಭಯದಿಂದ ಹಿಡಿದು ನ್ಯಾಯದ ತತ್ವದವರೆಗೆ, ನೈತಿಕ ಬೆಳವಣಿಗೆಯ 6 ಹಂತಗಳನ್ನು ಗುರುತಿಸಿದರು.

ಆದರೆ ನೀತಿಪಾಠ ಕೇಳಿದ ಮಾತ್ರಕ್ಕೆ ಯಾರೂ ಮೇಲಿನ ಹಂತಕ್ಕೆ ಏರಲ್ಲ. ಹಾಗಾಗಿ 1974ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅವರ ನೆರವಿನಿಂದ ಕ್ಲಸ್ಟರ್ ಸ್ಕೂಲ್ ಶುರುವಾಯ್ತು. ಅಲ್ಲಿ ನಿಯಮ ಮಾಡೋ ಸಭೆಯಲ್ಲಿ ಮೇಷ್ಟ್ರಿಗೂ ಒಂದೇ ಓಟು, ವಿದ್ಯಾರ್ಥಿಗೂ ಒಂದೇ ಓಟು.

ಅಲ್ಲೂ ಒಬ್ಬಳ ಪರ್ಸಿಂದ 9 ಡಾಲರ್ ಕಳುವಾಯ್ತು. ಸಭೆ ಸೇರಿ ವಾದ ಮಾಡಿದ್ರು. ಕಳ್ಳತನ ಅವಳೊಬ್ಬಳ ಸಮಸ್ಯೆ ಅಲ್ಲ, ಎಲ್ಲರದ್ದು ಅಂತ ತೀರ್ಮಾನವಾಯ್ತು. ದುಡ್ಡು ವಾಪಸ್ ಬರದಿದ್ರೆ ತಲೆಗೆ 15 ಸೆಂಟ್ ಹಾಕಿ ತುಂಬಿಕೊಡೋದು!

ಇದನ್ನ ಓದಿದಾಗ ಬಿಕಾಂ ಬುದ್ಧಿ, ಲೆಕ್ಕ ಹಾಕ್ದೆ. ನಮ್ಮ ಕ್ಲಾಸಲ್ಲಿ 60 ಜನ. ತಲೆಗೆ 4 ರೂಪಾಯಿನೂ ಆಗ್ತಿರಲಿಲ್ಲ.

ನಿಮ್ಮ ಕ್ಲಾಸಲ್ಲಾಗಿದ್ರೆ ಏನು ಮಾಡ್ತಿದ್ರಿ? ಕಾಮೆಂಟ್ ಮಾಡಿ.

ಕೋಲ್‌ಬರ್ಗ್ ಆ ಸಂಶೋಧನೆಗೆ ಮಾತಾಡಿಸಿದ್ದು ಬರೀ ಗಂಡು ಹುಡುಗರನ್ನ. ಅದನ್ನ ಪ್ರಶ್ನಿಸಿದ ಕ್ಯಾರಲ್ ಗಿಲಿಗನ್ ಬಗ್ಗೆ ಭಾಗ 5ರಲ್ಲಿ.

#ಇತಿಹಾಸ #ಶಿಕ್ಷಣ #ಕನ್ನಡ